ಬೆಂಚಿನ ಮೇಲೆ ಗೇನ್ 10, ಸೆನ್ಸರ್ ಜೋಡಿಸಿದರೆ 5

ಆಂಪ್ಲಿಫೈಯರ್ ಬೋರ್ಡುಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಹೊಸ ಬೋರ್ಡು ಬಂದರೆ ಸಿಗ್ನಲ್ ಜನರೇಟರನ್ನು ನೇರವಾಗಿ ಜೋಡಿಸುವುದಿಲ್ಲ. ಸೆನ್ಸರಿನ ಒಳರೋಧಕ್ಕೆ (ಅದರೊಳಗೇ ಇರುವ ರೋಧಕ್ಕೆ) ಸಮನಾದ ಒಂದು ರೆಸಿಸ್ಟರನ್ನು ನಡುವೆ ಹಾಕುತ್ತೇನೆ. ಜನರೇಟರಿನ ಒಳರೋಧ ಸಾಮಾನ್ಯವಾಗಿ 50 ಓಮ್. ನಮ್ಮಲ್ಲಿಗೆ ಬರುವ ಸೆನ್ಸರುಗಳು ಅಷ್ಟು ಉದಾರಿಗಳಲ್ಲ, ಅವುಗಳದ್ದು ಕಿಲೋ ಓಮ್ ಲೆಕ್ಕ.

ಸಿಗ್ನಲ್ಲನ್ನು ತಲೆಕೆಳಗಾಗಿಸಿ ದೊಡ್ಡದು ಮಾಡುವ ಇನ್ವರ್ಟಿಂಗ್ ಜೋಡಣೆಯನ್ನೇ ನೋಡಿ. ಇನ್‌ಪುಟ್‌ನಲ್ಲಿ 10 ಕಿಲೋ ಓಮ್, ಔಟ್‌ಪುಟ್ಟನ್ನು ಇನ್‌ಪುಟ್‌ಗೆ ಮರಳಿಸುವ ಫೀಡ್‌ಬ್ಯಾಕ್‌ನಲ್ಲಿ 100 ಕಿಲೋ ಓಮ್ ಇದ್ದರೆ ಗೇನ್, ಅಂದರೆ ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆ ಎಂಬುದು, 10. ಸೆನ್ಸರಿನ ಒಳರೋಧವೂ 10 ಕಿಲೋ ಓಮ್ ಆಗಿದ್ದರೆ ಸಿಗುವುದು 5 ಮಾತ್ರ. ಹೊಸಬರು ತಕ್ಷಣ ಆಂಪ್ಲಿಫೈಯರ್ ಚಿಪ್ಪಾದ ಆಪ್‌ಆಂಪ್ ಬದಲಿಸಲು ಹೊರಡುತ್ತಾರೆ. ಪಾಪ, ಅದರ ತಪ್ಪೇನೂ ಇಲ್ಲ. ಗೇನನ್ನು ಹೊರಗಿನ ರೋಧಗಳ ಅನುಪಾತಕ್ಕೆ ಒಪ್ಪಿಸುವುದೇ ನೆಗೆಟಿವ್ ಫೀಡ್‌ಬ್ಯಾಕಿನ ಗುಣ. ಆ ಅನುಪಾತದೊಳಗೆ ಸೆನ್ಸರ್ ಕೂಡ ಹೇಳದೆ ಕೇಳದೆ ಬಂದು ಕುಳಿತಿದೆ.

ಇದಕ್ಕಿಂತ ತಲೆನೋವು ಕೊಡುವುದು ಎನ್‌ಇ5534 ಎಂಬ ಆಪ್‌ಆಂಪ್ ಇರುವ ಬೋರ್ಡು. ಹೊರಗಿನಿಂದ ಕಾಂಪೆನ್ಸೇಷನ್ ಕೆಪಾಸಿಟರ್ ಹಾಕದಿದ್ದರೆ ಆ ಚಿಪ್‌ನ ಸ್ಥಿರತೆಗೆ ಕನಿಷ್ಠ 3 ಗೇನ್ ಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ಸಿಗ್ನಲ್ ಗೇನ್ ಅಲ್ಲ, ನಾಯ್ಸ್ ಗೇನ್: ಫೀಡ್‌ಬ್ಯಾಕ್ ರೋಧವನ್ನು ಇನ್‌ಪುಟ್ ಕಡೆಯ ಒಟ್ಟು ರೋಧದಿಂದ ಭಾಗಿಸಿ 1 ಕೂಡಿಸಿದಾಗ ಬರುವ ಸಂಖ್ಯೆ. ಮೇಲಿನ ಉದಾಹರಣೆಯಲ್ಲಿ ಜನರೇಟರನ್ನು ನೇರವಾಗಿ ಜೋಡಿಸಿದಾಗ ಅದು ಸುಮಾರು 11, ಸೆನ್ಸರ್ ಇದ್ದಾಗ 6. ಕೇಬಲ್ ಕಿತ್ತರೆ? ಬರೀ 1. ಹಾಗಾಗಿ ಸೆನ್ಸರ್ ತೆಗೆದೊಡನೆ ಬೋರ್ಡು ಆಸಿಲೇಟ್ ಆಗತೊಡಗುತ್ತದೆ (ತಾನಾಗಿಯೇ ಸಿಗ್ನಲ್ ಹುಟ್ಟಿಸುತ್ತದೆ), ಮತ್ತೆ ಜೋಡಿಸಿದರೆ ಏನೂ ಅರಿಯದಂತೆ ಸುಮ್ಮನಾಗುತ್ತದೆ. ದೋಷ ಹುಡುಕುವವನು ಮೊದಲು ಅನುಮಾನಿಸುವುದು ಕನೆಕ್ಟರನ್ನು! ಚಿಪ್‌ನ 5 ಮತ್ತು 8ನೇ ಪಿನ್‌ಗಳ ನಡುವೆ 22 ಪಿಕೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಈ ಕಾಟ ತಪ್ಪುತ್ತದೆ, ಆದರೆ ವೇಗ ಕಡಿಮೆಯಾಗುತ್ತದೆ.

ನಾನ್‌ಇನ್ವರ್ಟಿಂಗ್ ಜೋಡಣೆಯಲ್ಲಿ ಸೆನ್ಸರ್ ಆ ಅನುಪಾತದ ಹೊರಗಿರುವುದರಿಂದ ಗೇನ್ ಕದಲುವುದಿಲ್ಲ, ನಿಜ. ಆದರೆ ನಾಯ್ಸ್, ಅಂದರೆ ಸಿಗ್ನಲ್ ಜೊತೆ ಬೆರೆಯುವ ಬೇಡದ ಸದ್ದು, ಬಿಡುವುದಿಲ್ಲ. ಎನ್‌ಇ5532 ಆಪ್‌ಆಂಪಿನ ವೋಲ್ಟೇಜ್ ನಾಯ್ಸ್ ಪ್ರತಿ ರೂಟ್ ಹರ್ಟ್ಸ್‌ಗೆ 5 ನ್ಯಾನೋವೋಲ್ಟ್ (ನಾಯ್ಸ್ ಅಳೆಯುವ ಮಾನ ಇದು). ಹಳೆಯ ಟಿಎಲ್072ರದ್ದು 18. ಇದನ್ನಷ್ಟೇ ನೋಡಿ ಮೊದಲನೆಯದನ್ನು ಆರಿಸುವವರೇ ಹೆಚ್ಚು. ಆದರೆ ಸಿಗ್ನಲ್ ಮೂಲದ (ಸೆನ್ಸರಿನ) ರೋಧ 100 ಕಿಲೋ ಓಮ್ ಇದ್ದಲ್ಲಿ ಎನ್‌ಇ5532ರ 0.7 ಪಿಕೋಆಂಪಿಯರ್ ಕರೆಂಟ್ ನಾಯ್ಸ್ ಒಂದೇ ಆ ರೋಧದಲ್ಲಿ ಹರಿದು 70 ನ್ಯಾನೋವೋಲ್ಟ್ ಆಗಿಬಿಡುತ್ತದೆ. ಆ ರೋಧದ ಸ್ವಂತ ಉಷ್ಣ ನಾಯ್ಸ್ ಸುಮಾರು 40. ಎಲ್ಲವನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ ಎನ್‌ಇ5532ಗೆ ಸುಮಾರು 81, ಕರೆಂಟ್ ನಾಯ್ಸ್ ನಗಣ್ಯವಾದ ಟಿಎಲ್072ಗೆ 44. ಮೂಲದ ರೋಧ 1 ಕಿಲೋ ಓಮ್‌ಗೆ ಇಳಿದರೆ ಎನ್‌ಇ5532 ಸಲೀಸಾಗಿ ಗೆಲ್ಲುತ್ತದೆ. ಫೀಡ್‌ಬ್ಯಾಕ್ ಹೆಚ್ಚಿಸಿ ಈ ನಾಯ್ಸನ್ನು ಅಡಗಿಸುತ್ತೇನೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾಯ್ಸ್ ಇಳಿದಷ್ಟೇ ಸಿಗ್ನಲ್ ಕೂಡ ಇಳಿಯುತ್ತದೆ.