ನರಸಾಪುರದ ಕಡೆ ಗಾಳ ಹಾಕಿದ್ದು ಕೆರೆಗೆ, ಈಜಿದ್ದು ಬಾವಿಯಲ್ಲಿ

ಮಾರ್ಚ್ ಮೊದಲ ಶನಿವಾರ ಬೆಳಗಿನ ಜಾವ ನಾಲ್ಕೂವರೆಗೆ ಕೋರಮಂಗಲ ಬಿಟ್ಟೆವು. ನಾನು, ನನ್ನ ಬಾಮೈದ, ಎಂಟನೇ ಕ್ಲಾಸು ಓದುವ ಅವನ ಮಗ. ಡಿಕ್ಕಿಯಲ್ಲಿ ಎರಡು ಗಾಳದ ಕೋಲು, ಗಾಳಿ ಬಿಟ್ಟ ಒಂದು ಲಾರಿ ಟ್ಯೂಬು, ಟವೆಲ್ಲು. ಕೋಲಾರದ ಕಡೆ ಕೆರೆಯಲ್ಲಿ ಮೀನು ಹಿಡಿಯುವುದು, ಬಿಸಿಲೇರಿದ ಮೇಲೆ ಈಜುವುದು, ಮಧ್ಯಾಹ್ನ ನನ್ನ ಸೋದರಮಾವನ ಮನೆಯಲ್ಲಿ ಮುದ್ದೆ, ಮೀನಿನ ಸಾರು. ಇಷ್ಟೇ ಪ್ಲಾನು. ಮೀನು ಸಿಕ್ಕಿತು, ಮುದ್ದೆಯೂ ಸಿಕ್ಕಿತು. ಕೆರೆಯಲ್ಲಿ ಈಜಲಿಲ್ಲ. ನೀವೂ ಇಂಥದ್ದೇ ಒಂದು ದಿನದ ಪ್ರವಾಸ ಹಾಕಿಕೊಂಡಿದ್ದರೆ ಆ ಟ್ಯೂಬು ಮನೆಯಲ್ಲೇ ಬಿಟ್ಟು ಹೋಗಿ.

ಮೊದಲು ಆ ನೀರಿನ ಕಥೆ ಹೇಳುತ್ತೇನೆ. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿ ಇಲ್ಲ. ಕೆರೆಗಳು ಬೇಕಾದಷ್ಟಿವೆ, ಆದರೆ ಮಳೆ ಕೈಕೊಟ್ಟರೆ ಎಲ್ಲವೂ ಬಯಲು. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಮಾವನ ಊರಿನ ಕೆರೆಯಲ್ಲಿ ನೀರಿಗಿಂತ ಜಾಲಿ ಗಿಡ ಜಾಸ್ತಿ ಇತ್ತು. ಬೋರು ಸಾವಿರ ಅಡಿ ದಾಟಿದರೂ ಬರೀ ಧೂಳು ಏಳುತ್ತಿತ್ತು. ಆಮೇಲೆ ಬಂದಿದ್ದು ಕೆ.ಸಿ. ವ್ಯಾಲಿ ಯೋಜನೆ. ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೇ ಹಂತದವರೆಗೆ, ಅಂದರೆ ಕೊಳೆಯುವ ಪದಾರ್ಥ ಬಹುಪಾಲು ಹೋಗುವಷ್ಟು ಸಂಸ್ಕರಿಸಿ, ಪೈಪಿನಲ್ಲಿ ಎತ್ತಿ ಕೋಲಾರದ ಕೆರೆಗಳಿಗೆ ಬಿಡುವುದು. ದಿನಕ್ಕೆ 44 ಕೋಟಿ ಲೀಟರ್, 126 ಕೆರೆ ಅನ್ನುವುದು ಯೋಜನೆಯ ಲೆಕ್ಕ. 2018ರ ಜೂನ್‌ನಲ್ಲಿ ಮೊದಲು ನೀರು ಬಂದಿದ್ದು ನರಸಾಪುರದ ಹತ್ತಿರದ ಲಕ್ಷ್ಮೀಸಾಗರ ಕೆರೆಗೆ. ಮುಂದಿನ ತಿಂಗಳೇ ಅಲ್ಲಿ ನೊರೆ ಎದ್ದಿತು. ರೈತರು ಹೈಕೋರ್ಟಿಗೆ ಹೋದರು, ವಿಷಯ ಸುಪ್ರೀಂ ಕೋರ್ಟಿನ ತನಕವೂ ಹೋಯಿತು. ನಡುವೆ ನೀರು ನಿಂತಿತು, ಮತ್ತೆ ಹರಿಯಿತು. ಉಳಿದ ಸಾರಜನಕ, ರಂಜಕ, ರೋಗಾಣುಗಳನ್ನೂ ತೆಗೆಯುವ ಮೂರನೇ ಹಂತದ ಶುದ್ಧೀಕರಣ ಮಾಡಿಯೇ ನೀರು ಬಿಡಿ ಅನ್ನುವ ಕೂಗು ಇನ್ನೂ ನಿಂತಿಲ್ಲ.

ನಾನಿರುವುದು ಕೋರಮಂಗಲದಲ್ಲಿ. ನಾನು ಸ್ನಾನ ಮಾಡಿದ ನೀರೇ ಮಾವನ ಊರಿಗೆ ಹೋಗುತ್ತದೆ. ಮಾವ ಇದನ್ನು ಹೇಳಿ ನಗದ ದಿನವಿಲ್ಲ. "ಸೋಪು ಕಮ್ಮಿ ಹಾಕ್ಕೊಳಪ್ಪ, ಇಲ್ಲಿ ನೊರೆ ಬರ್ತೈತೆ" ಅಂತ ಫೋನಿನಲ್ಲೇ ಶುರು ಮಾಡುತ್ತಾರೆ.

ದಾರಿಯ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಹಳೇ ಮದ್ರಾಸ್ ರಸ್ತೆ, ಹೊಸಕೋಟೆ ದಾಟಿ ಕೋಲಾರದ ಹೆದ್ದಾರಿ, ಕೋಲಾರ ಸೇರುವ ಮುಂಚೆಯೇ ನರಸಾಪುರದ ತಿರುವು. ನಸುಕಿನಲ್ಲಿ ಹೊರಟರೆ ಒಂದೂಕಾಲು ಗಂಟೆ. ಬಸ್ಸಿನಲ್ಲಿ ಬರುವವರು ಹೆದ್ದಾರಿಯಲ್ಲಿ ಇಳಿದು ಆಟೋ ಹಿಡಿಯಬೇಕು. ಅಷ್ಟು ಬೆಳಿಗ್ಗೆ ಆಟೋ ಸಿಗುವುದು ಕಷ್ಟ, ಹಾಗಾಗಿ ಬೈಕೋ ಕಾರೋ ಇದ್ದರೆ ಒಳ್ಳೆಯದು.

ಕೆರೆ ಮುಟ್ಟುವ ಮುಂಚೆ ಒಂದು ಕೆಲಸ ಮಾಡಿ. ಗಾಳ ಹಾಕಲು ಯಾರನ್ನು ಕೇಳಬೇಕು ಅಂತ ತಿಳಿದುಕೊಳ್ಳಿ. ಕೆರೆ ಎಲ್ಲರದ್ದು ಅನ್ನುವುದು ಬೆಂಗಳೂರಿನವರ ನಂಬಿಕೆ. ಇಲ್ಲಿ ಕೆರೆಯ ಮೀನನ್ನು ಗುತ್ತಿಗೆಗೆ ಕೊಡುತ್ತಾರೆ. ಮೀನುಗಾರರ ಸಂಘವೋ ಒಬ್ಬ ಗುತ್ತಿಗೆದಾರನೋ ದುಡ್ಡು ಕಟ್ಟಿ ಮರಿ ಬಿಟ್ಟಿರುತ್ತಾರೆ. ಕೇಳದೆ ಗಾಳ ಹಾಕಿದರೆ ಅದು ಕಳ್ಳತನವೇ. ನಮಗೆ ಮಾವ ಮೊದಲೇ ಮಾತಾಡಿಟ್ಟಿದ್ದರು. ಏರಿ ಮೇಲೆ ಕೂತಿದ್ದ ಕಾವಲಿನವರಿಗೆ ಇನ್ನೂರು ರೂಪಾಯಿ ಕೊಟ್ಟೆವು. ಎರಡು ಗಾಳಕ್ಕಿಂತ ಜಾಸ್ತಿ ಬೇಡ, ತೂಬಿನ ಹತ್ತಿರ ಕೂರಬೇಡಿ ಅಂದರು. ಊರಲ್ಲಿ ಪರಿಚಯದವರಿಲ್ಲದಿದ್ದರೆ ಟೀ ಅಂಗಡಿಯಲ್ಲಿ ಕೇಳಿ, ಕೆರೆ ಯಾರು ಹಿಡಿದಿದ್ದಾರೆ ಅಂತ ಅಲ್ಲಿ ಗೊತ್ತಿರುತ್ತದೆ.

ಯಾವ ಕೆರೆ ಅನ್ನುವುದೂ ಮುಖ್ಯ. ನೀರು ಒಂದು ಕೆರೆ ತುಂಬಿ ಕೋಡಿ ಬಿದ್ದು ಕಾಲುವೆಯಲ್ಲಿ ಮುಂದಿನ ಕೆರೆಗೆ ಇಳಿಯುತ್ತದೆ. ಮೊದಲ ಕೆರೆಗಳಲ್ಲಿ ಪೈಪಿನ ನೀರು ನೇರ ಬೀಳುತ್ತದೆ. ಮುಂದೆ ಹೋದಂತೆ ಕೆಸರು, ಕಸ ಒಂದಿಷ್ಟು ತಳ ಸೇರಿರುತ್ತದೆ. ನೀರು ಬೀಳುವ ಬಾಯಿಯ ಹತ್ತಿರ ಒಮ್ಮೆ ನಿಂತು ನೋಡಿ, ಮೂಗಿಗೇ ಗೊತ್ತಾಗುತ್ತದೆ. ನಾವು ಕೂತಿದ್ದು ಸಾಲಿನಲ್ಲಿ ಕೆಳಗಿರುವ ಒಂದು ಊರ ಕೆರೆಯಲ್ಲಿ. ಹೆಸರು ಹಾಕುವುದಿಲ್ಲ. ಕಾವಲಿನವರು ನಾಳೆ ನನ್ನನ್ನೇ ಬೈಯುತ್ತಾರೆ.

ಆರು ಗಂಟೆಗೆ ಏರಿ ಹತ್ತಿದಾಗ ಮಂಜಿನ ಹಾಗೆ ಹೊಗೆ ಎದ್ದಿತ್ತು. ನೀರುಕಾಗೆಗಳು ಮುಳುಗಿ ಏಳುತ್ತಿದ್ದವು. ನನಗಂತೂ ಅದನ್ನು ನೋಡಿ ಗಂಟಲು ಕಟ್ಟಿತು. ಇಪ್ಪತ್ತು ವರ್ಷದ ಹಿಂದೆ ಇದೇ ಅಂಗಳದಲ್ಲಿ ಕ್ರಿಕೆಟ್ ಆಡಿದ್ದೆವು.

ಈ ಹೊತ್ತಿನಲ್ಲೇ ಒಂದು ವಿಷಯ ಗಮನಿಸಬೇಕು. ಪಾಚಿ ಜಾಸ್ತಿ ಇರುವ ನೀರಿನಲ್ಲಿ ರಾತ್ರಿಯೆಲ್ಲ ಪಾಚಿಯೂ ಆಮ್ಲಜನಕ ತಿನ್ನುತ್ತದೆ. ಕೆಲವು ದಿನ ಬೆಳಗಿನ ಜಾವಕ್ಕೆ ನೀರಿನಲ್ಲಿ ಉಸಿರೇ ಇರುವುದಿಲ್ಲ. ಮೀನುಗಳು ಮೇಲೆ ಬಂದು ಬಾಯಿ ತೆರೆದು ಒದ್ದಾಡುತ್ತವೆ. ಹೊಸಬರು ಅದನ್ನು ನೋಡಿ ಅಬ್ಬಾ ಎಷ್ಟು ಮೀನು ಅಂತ ಖುಷಿ ಪಡುತ್ತಾರೆ. ಅಂಥ ದಿನ ಗಾಳ ಸುತ್ತಿಕೊಂಡು ವಾಪಸ್ ಹೋಗಿ. ಸತ್ತು ತೇಲುತ್ತಿದ್ದರೆ ಹೇಳುವುದೇ ಬೇಡ. ನೀರಿನ ಮೇಲೆ ಹಸಿರು ಪೇಂಟು ಚೆಲ್ಲಿದ ಹಾಗೆ ಪದರ ಕಟ್ಟಿದ್ದರೂ ಅಷ್ಟೇ. ಕೆಲವು ನೀಲಿ ಹಸಿರು ಪಾಚಿ ವಿಷ ಬಿಡುತ್ತದೆ, ಆ ವಿಷ ಕುದಿಸಿದರೂ ಹೋಗುವುದಿಲ್ಲ. ನಾವು ಹೋದ ದಿನ ನೀರು ತಿಳಿ ಹಸಿರಿತ್ತು, ಪದರ ಇರಲಿಲ್ಲ, ಮೀನು ಸಲೀಸಾಗಿ ಆಡುತ್ತಿದ್ದವು.

ರಾಗಿ ಹಿಟ್ಟಿಗೆ ಕಡಲೆಕಾಯಿ ಹಿಂಡಿ ಕಲಸಿ ಗಟ್ಟಿ ಉಂಡೆ ಮಾಡಿದ್ದೆವು. ಇನ್ನೊಂದು ಗಾಳಕ್ಕೆ ಎರೆಹುಳು. ಕಾಟ್ಲಾ ಮೇಲಿನ ನೀರಿನಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುತ್ತವೆ. ಬೆಂಡನ್ನು ಮೇಲೆ ಕೆಳಗೆ ಸರಿಸಿ ನೋಡುತ್ತಿರಬೇಕು. ಎಂಟರ ತನಕ ಬೆಂಡು ಅಲುಗಲೇ ಇಲ್ಲ. ಬಿಸಿಲು ಬಿದ್ದ ಮೇಲೆ ಎರೆಹುಳುವಿಗೆ ಜಿಲೇಬಿ ಮೀನು ಸಾಲಾಗಿ ಬಂದವು, ಅಂಗೈ ಅಗಲದವು ಒಂಬತ್ತು. ಉಂಡೆಗೆ ಒಂದೇ ಒಂದು ರೋಹು, ಮುಕ್ಕಾಲು ಕೆಜಿ ಇದ್ದೀತು. ಒಂದು ಆಫ್ರಿಕನ್ ಕ್ಯಾಟ್‌ಫಿಶ್ ಕೂಡ ಕಚ್ಚಿತು. ಇದನ್ನು ಸಾಕುವುದಕ್ಕೆ ಸರ್ಕಾರದ ನಿಷೇಧವಿದೆ, ಆದರೂ ಎಲ್ಲ ಕಡೆ ಸೇರಿಕೊಂಡಿದೆ. ಮೇಲೆ ಬಂದು ಗಾಳಿ ನುಂಗಿ ಬದುಕುವ ಮೀನು. ಎಷ್ಟು ಕೊಳೆತ ನೀರಾದರೂ ಅದಕ್ಕೆ ಆಗುತ್ತದೆ. ಒಂದು ಕೆರೆಯಲ್ಲಿ ಬರೀ ಅದೇ ಸಿಗುತ್ತಿದ್ದರೆ ನೀರಿನ ಲ್ಯಾಬ್ ರಿಪೋರ್ಟು ಬೇರೆ ಬೇಕಿಲ್ಲ.

ಗಾಳ ಪದೇ ಪದೇ ಸಿಕ್ಕಿಕೊಳ್ಳುತ್ತಿತ್ತು. ಕಾರಣ ಅದೇ ಜಾಲಿ ಗಿಡಗಳು. ಕೆರೆ ಒಣಗಿದ್ದಾಗ ಬೆಳೆದವು, ಈಗ ಮುಳ್ಳಿನ ಸಮೇತ ನೀರಿನಡಿ ನಿಂತಿವೆ. ಅದರ ಪಕ್ಕದಲ್ಲೇ ಜೆಸಿಬಿ ಮಣ್ಣು ತೆಗೆದ ಗುಂಡಿಗಳು. ಮೊಣಕಾಲುದ್ದ ನೀರಿನಿಂದ ಒಂದೇ ಹೆಜ್ಜೆಗೆ ಎರಡಾಳು ಆಳ. ಈ ಕಡೆ ಕೆರೆಗೆ ಇಳಿದು ಜೀವ ಕಳೆದುಕೊಂಡ ಹುಡುಗರ ಸುದ್ದಿ ಓದುತ್ತೀರಲ್ಲ, ಅದಕ್ಕೆ ಇಂಥ ಗುಂಡಿಗಳೂ ಕಾರಣ. ನೀರು ಪನ್ನೀರಿನಷ್ಟು ಶುದ್ಧವಾಗಿದ್ದರೂ ಹೊಸ ಜಾಗದಲ್ಲಿ ಇಳಿಯದಿರಲು ಇದೊಂದೇ ಸಾಕು.

ಆದರೆ ಬಾಮೈದನ ಮಗ ಇಳಿದುಬಿಟ್ಟ. ಸಿಕ್ಕಿಕೊಂಡ ಗಾಳ ಬಿಡಿಸುತ್ತೇನೆ ಅಂತ ಸೊಂಟದ ತನಕ ಹೋಗಿ ಐದು ನಿಮಿಷ ತಡಕಾಡಿದ. ನಾವು ಕಿರುಚಿದ ಮೇಲೆ ಬಂದ. ಸಂಜೆಗೆ ಎರಡೂ ಕಾಲಿನ ಮೇಲೆ ಕೆಂಪು ಗುಳ್ಳೆ, ತುರಿಕೆ. ಅವನಮ್ಮ ಫೋನಿನಲ್ಲಿ ನನಗೆ ಮಂಗಳಾರತಿ ಎತ್ತಿದಳು. ಡಾಕ್ಟರು ನೋಡಿ, ಇದು ಬಸವನಹುಳುವಿನಿಂದ ನೀರಿಗೆ ಬರುವ ಸಣ್ಣ ಹುಳುಗಳ ಕೆಲಸ ಇರಬಹುದು, ಹಕ್ಕಿ ಇರುವ ಒಳ್ಳೆ ನೀರಿನ ಕೆರೆಯಲ್ಲೂ ಆಗುತ್ತದೆ ಅಂದರು. ನಾಲ್ಕು ದಿನಕ್ಕೆ ಇಳಿಯಿತು. ಹಾಗಾಗಿ ಇದನ್ನು ಕೊಳಚೆಯ ಲೆಕ್ಕಕ್ಕೆ ಬರೆದರೆ ಸುಳ್ಳಾಗುತ್ತದೆ. ಅದರ ಜೊತೆಗೆ ಇನ್ನೊಂದು ಮಾತನ್ನೂ ಡಾಕ್ಟರು ಹೇಳಿದರು. ಕಾಲಿನಲ್ಲಿ ಗಾಯವಿದ್ದು ಇಂಥ ನೀರಿಗೆ ಇಳಿದು, ಆಮೇಲೆ ಜ್ವರ, ಮೈಕೈ ನೋವು ಬಂದರೆ ಕೆರೆಗೆ ಇಳಿದಿದ್ದೆ ಅಂತ ಬಾಯಿಬಿಟ್ಟು ಹೇಳಬೇಕು. ಇಲಿ ಜ್ವರ ಬರುವ ದಾರಿ ಅದು.

ಹತ್ತು ಗಂಟೆಗೆ ಟೀ ಅಂಗಡಿಯಲ್ಲಿ ಇದೇ ಚರ್ಚೆ. ಒಬ್ಬರು, ಈ ನೀರು ಬರದಿದ್ದರೆ ಊರು ಬಿಡಬೇಕಿತ್ತು, ಈಗ ಬೋರು ತುಂಬಿವೆ ಅಂದರು. ಇನ್ನೊಬ್ಬರು, ಬೋರಲ್ಲಿ ಬಂದಿದ್ದೂ ಅದೇ ನೀರಲ್ವಾ, ನಾಳೆ ಮಕ್ಕಳಿಗೆ ಏನಾಗುತ್ತದೆ ನೋಡಿದವರ್ಯಾರು ಅಂದರು. ಇಬ್ಬರೂ ಅಣ್ಣ ತಮ್ಮಂದಿರು, ಒಂದೇ ಮನೆ. ಮಾವನನ್ನು ಕೇಳಿದೆ. "ನೀರು ಬಂದಿದ್ದು ಒಳ್ಳೇದಾಯ್ತು ಕಣಪ್ಪ. ಆದ್ರೆ ಕೆರೆಗೆ ನಾನು ಕಾಲಿಡಲ್ಲ" ಅಂದರು. ಮೊದಲು ನನಗೆ ಇದು ಅಡ್ಡಗೋಡೆ ಮೇಲಿನ ದೀಪದ ಹಾಗೆ ಕೇಳಿಸಿತು. ಆಮೇಲೆ ಯೋಚಿಸಿದರೆ ಮಾವ ಹೇಳಿದ್ದೇ ಸರಿ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ಎ ಇಂದ ಇ ತನಕ ಐದು ದರ್ಜೆ ಮಾಡಿದೆ. ಸ್ನಾನ, ಈಜಿಗೆ ಬಿ ದರ್ಜೆ ಇರಬೇಕು. ಅಂದರೆ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ, ಬಿಒಡಿ (ನೀರಿನ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ತಿನ್ನುವ ಆಮ್ಲಜನಕ) 3 ಮಿಲಿಗ್ರಾಂಗಿಂತ ಜಾಸ್ತಿ ಇರಬಾರದು, 100 ಮಿಲಿಲೀಟರಿನಲ್ಲಿ ಮಲ ಸೇರಿದ ಸುಳಿವು ಕೊಡುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ 500 ದಾಟಬಾರದು. ಮೀನಿಗೆ ಡಿ ದರ್ಜೆ ಸಾಕು. ಆಮ್ಲಜನಕ 4 ಇದ್ದು, ಅಮೋನಿಯಾ 1.2ರ ಒಳಗಿದ್ದು, ನೀರಿನ ಆಮ್ಲ, ಕ್ಷಾರ (ಪಿಎಚ್) ಹದದಲ್ಲಿದ್ದರೆ ಆಯಿತು. ಕೋಲಿಫಾರ್ಮಿನ ಮಾತೇ ಅಲ್ಲಿಲ್ಲ. ಹಾಗಾಗಿ ಮೀನು ಚೆನ್ನಾಗಿವೆ, ನಾವೂ ಇಳಿಯೋಣ ಅನ್ನುವ ಲೆಕ್ಕ ತಪ್ಪು. ಎರಡನೇ ಹಂತದ ಸಂಸ್ಕರಣೆಯಲ್ಲಿ ಕೊಳೆಯುವ ಪದಾರ್ಥ ಬಹುಪಾಲು ಹೋಗುತ್ತದೆ. ಸಾರಜನಕ, ರಂಜಕ ಉಳಿಯುತ್ತವೆ, ಪಾಚಿಗೂ ಅಂತರಗಂಗೆ ಗಿಡಕ್ಕೂ ಅದೇ ಗೊಬ್ಬರ. ಈ ನೀರನ್ನು ತಂದಿದ್ದು ನೆಲಕ್ಕೆ ಇಂಗಲಿ ಅಂತ, ಯಾರಾದರೂ ಈಜಲಿ ಅಂತ ತಂದಿಲ್ಲ. ನಿಮಗೆ ಕೆರೆಯಲ್ಲೇ ಈಜಬೇಕು ಅಂತಿದ್ದರೆ ಬಿ ದರ್ಜೆ ಇದೆ ಅನ್ನುವ ಇತ್ತೀಚಿನ ವರದಿ ನೋಡಿಯೇ ಇಳಿಯಿರಿ.

ನಮ್ಮ ಮುಖ ನೋಡಿ ಮಾವನಿಗೆ ಪಾಪ ಅನಿಸಿತು. "ಈಜಬೇಕಾ? ಬಾವಿ ಐತಲ್ಲ, ಬನ್ರೋ" ಅಂದರು. ತೋಟದ ಕಲ್ಲು ಕಟ್ಟಡದ ಬಾವಿ, ನಾನು ಈಜು ಕಲಿತದ್ದು ಅಲ್ಲೇ, ಸೊಂಟಕ್ಕೆ ಬೆಂಡು ಕಟ್ಟಿಕೊಂಡು. ಆಮೇಲೆ ಬತ್ತಿ ಕಸದ ಗುಂಡಿಯಾಗಿತ್ತು. ಈಗ ಹೂಳು ತೆಗೆಸಿದ್ದಾರೆ, ಹದಿನೈದು ಅಡಿ ನೀರಿದೆ. ಮಣ್ಣಿನಲ್ಲಿ ಸೋಸಿ ಬಂದ ನೀರು, ತಣ್ಣಗೆ, ತಳದ ಮೆಟ್ಟಿಲು ಕಾಣುವಷ್ಟು ತಿಳಿ. ಮಣ್ಣು ರೋಗಾಣುಗಳನ್ನು ಬಹುಪಾಲು ತಡೆಯುತ್ತದೆ, ಕರಗಿದ ನೈಟ್ರೇಟ್ ತಡೆಯುವುದಿಲ್ಲ. ಅದಕ್ಕೆ ಮಾವನ ಮನೆಯಲ್ಲಿ ಕುಡಿಯುವುದಕ್ಕೆ ಫಿಲ್ಟರ್ ಘಟಕದ ಕ್ಯಾನ್ ನೀರು. ಒಂದೂವರೆ ಗಂಟೆ ಬಾವಿಯಿಂದ ಏಳಲಿಲ್ಲ. ಬಾಮೈದ ಮೇಲಿನಿಂದ ಜಿಗಿದು ಹೊಟ್ಟೆ ಕೆಂಪು ಮಾಡಿಕೊಂಡ. ಬಾವಿಗೆ ಇಳಿಯುವವರು ಹಗ್ಗ ಕಟ್ಟಿಕೊಂಡೇ ಇಳಿಯಿರಿ, ಮೇಲೊಬ್ಬರು ಇರಲೇಬೇಕು.

ಮೀನಿನ ವಿಷಯಕ್ಕೆ ಬಂದರೆ ಅತ್ತೆಯ ವಿಧಾನ ಬರೆದುಕೊಳ್ಳಿ. ಕರುಳು, ಲಿವರ್, ಕಿವಿರು ಎಲ್ಲ ಕೆರೆ ದಂಡೆಯಲ್ಲೇ ತೆಗೆಯಬೇಡಿ, ಮನೆಗೆ ತಂದು ತೆಗೆದು ಹೂಳಿ. ಭಾರ ಲೋಹ ಇದ್ದರೆ ಮಾಂಸಕ್ಕಿಂತ ಜಾಸ್ತಿ ಸೇರುವುದು ಲಿವರ್, ಕಿವಿರಿನಲ್ಲಿ. ತಲೆ ಸಾರು ನನಗೆ ಪ್ರಾಣ, ಆದರೂ ಈ ಕೆರೆಯ ಮೀನಿನದ್ದು ಬಿಟ್ಟೆ. ಆಮೇಲೆ ಕಲ್ಲುಪ್ಪು, ಅರಿಶಿನ, ಹುಣಸೆ ರಸ ಹಾಕಿ ಉಜ್ಜಿ ಅರ್ಧ ಗಂಟೆ ಬಿಡಬೇಕು. ಪಾಚಿಯಿಂದ ಮೀನಿಗೆ ಬರುವ ಮಣ್ಣಿನ ವಾಸನೆ ಹುಳಿಗೆ ಹೋಗುತ್ತದೆ. ಸಾರಿಗೆ ಮೆಂತ್ಯ, ಬೆಳ್ಳುಳ್ಳಿ, ತೋಟದ ಎಳೆ ಮಾವಿನಕಾಯಿ. ನಾಲ್ಕು ಮುದ್ದೆ ಇಳಿದಿದ್ದೇ ಗೊತ್ತಾಗಲಿಲ್ಲ. ವರ್ಷಕ್ಕೆ ಒಂದೆರಡು ಸಲ ಹೀಗೆ ತಿನ್ನಲು ನನಗೆ ಅಡ್ಡಿಯಿಲ್ಲ. ವಾರ ವಾರ ತಿನ್ನು ಅಂದರೆ ಒಲ್ಲೆ. ಬಸುರಿಯರಿಗೆ, ಸಣ್ಣ ಮಕ್ಕಳಿಗೆ ನಾನಂತೂ ಕೊಡುವುದಿಲ್ಲ.

ವಾಪಸ್ಸು ನಾಲ್ಕರೊಳಗೆ ಹೊರಡಿ. ನಾವು ಐದೂವರೆಗೆ ಹೊರಟು, ಕೆ.ಆರ್. ಪುರದ ಹತ್ತಿರ ಸಿಕ್ಕಿಕೊಂಡು, ಮನೆ ಸೇರಿದಾಗ ಎಂಟೂವರೆ. ಏರಿ ಮೇಲೆ ಬಲೆಯವರ ಹತ್ತಿರ ಆಸೆಪಟ್ಟು ಕೊಂಡಿದ್ದ ಎರಡು ಕೆಜಿ ಕಾಟ್ಲಾ ಡಿಕ್ಕಿಯಲ್ಲಿ, ಗೋಣಿಚೀಲದೊಳಗೆ, ಲಾರಿ ಟ್ಯೂಬಿನ ಪಕ್ಕ ಬೆಂದು ಹೋಗಿತ್ತು. ಥರ್ಮಾಕೋಲ್ ಡಬ್ಬಿ, ಐಸು ಒಯ್ಯಿರಿ. ಟ್ಯೂಬಿನ ವಾಸನೆ ಇನ್ನೂ ಹೋಗಿಲ್ಲ.