ಯಾವ ಹಳ್ಳಿ ನೋಡಬೇಕು ಅಂತ ಕೇಳುವವರಿಗೆ

ಊರಿಂದ ಯಾರೇ ಫ್ರಾನ್ಸ್‌ಗೆ ಬರುತ್ತೇವೆ ಅಂದರೂ ನನಗೆ ಬರುವ ಪ್ರಶ್ನೆ ಒಂದೇ. "ಪ್ಯಾರಿಸ್ ಮುಗಿದ ಮೇಲೆ ಮೂರು ನಾಲ್ಕು ದಿನ ಉಳಿಯುತ್ತೆ, ಕಾರು ಬಾಡಿಗೆಗೆ ತಗೊಂಡು ಹಳ್ಳಿ ಕಡೆ ಹೋಗೋಣ ಅಂತಿದ್ದೀವಿ. ಯಾವ ಹಳ್ಳಿ ಚೆನ್ನಾಗಿದೆ? ಒಂದು ದಿನಕ್ಕೆ ಎಷ್ಟು ನೋಡಬಹುದು?" ನಾನಿರುವುದು ದಕ್ಷಿಣ ಫ್ರಾನ್ಸ್‌ನ ತುಲೂಸ್‌ನಲ್ಲಿ, ರಜೆ ಸಿಕ್ಕಾಗಲೆಲ್ಲ ಹಳ್ಳಿದಾರಿ ಹಿಡಿಯುವವನು, ಹಾಗಾಗಿ ಕೇಳುತ್ತಾರೆ. ಫೋನಿನಲ್ಲಿ ಪ್ರತಿ ಸಲ ಅರ್ಧ ಹೇಳಿ ಇಟ್ಟುಬಿಡುತ್ತೇನೆ. ಇವತ್ತು ಪೂರ್ತಿ ಬರೆಯುತ್ತೇನೆ.

ಒಂದು ಹಳ್ಳಿ ಸಾಕು. ಆದರೆ ಅಲ್ಲಿಗೆ ನಡೆದು ಹೋಗಿ.

ಪಟ್ಟಿ ಬೇಕು ಅನ್ನುವವರಿಗೆ ಪಟ್ಟಿ ಇದೆ. 1982ರಲ್ಲಿ ಕೊಲೊಂಜ್ ಲಾ ರೂಜ್ ಅನ್ನುವ ಕೆಂಪು ಕಲ್ಲಿನ ಹಳ್ಳಿಯ ಮೇಯರ್ ಶಾರ್ಲ್ ಸೇರಾಕ್, 'ಫ್ರಾನ್ಸ್‌ನ ಅತಿ ಸುಂದರ ಹಳ್ಳಿಗಳು' ಅಂತ ಒಂದು ಸಂಘ ಕಟ್ಟಿದರು. ಜನರೆಲ್ಲ ಪೇಟೆಗೆ ಹೋಗಿ ಹಳ್ಳಿಗಳು ಬರಿದಾಗುತ್ತಿದ್ದವು, ಮನೆಗಳು ಬೀಳುತ್ತಿದ್ದವು. ಸಂಘಕ್ಕೆ ಸೇರಲು ಹಳ್ಳಿಯ ಜನಸಂಖ್ಯೆ 2000 ದಾಟಬಾರದು, ಸರ್ಕಾರದ ರಕ್ಷಣೆ ಇರುವ ಎರಡು ಕಟ್ಟಡ ಅಥವಾ ಜಾಗ ಇರಬೇಕು. ಈಗ ನೂರೆಪ್ಪತ್ತಕ್ಕೂ ಜಾಸ್ತಿ ಹಳ್ಳಿಗಳು ಅದರಲ್ಲಿವೆ. ಒಳ್ಳೆಯ ಕೆಲಸವೇ, ಎಷ್ಟೋ ಊರು ಉಳಿದಿವೆ. ಆದರೆ ಆ ಪಟ್ಟಿ ಹಿಡಿದು ದಿನಕ್ಕೆ ನಾಲ್ಕು ಊರು ಅಂತ ಓಡಿದರೆ ಸಂಜೆಗೆ ಎಲ್ಲ ಊರೂ ಒಂದೇ ಥರ ಕಾಣುತ್ತದೆ.

ಕೋಂಕ್ ಅನ್ನುವ ಹಳ್ಳಿಗೆ ನಾನು ಮೊದಲ ಸಲ ಹೋಗಿದ್ದು ಕಾರಿನಲ್ಲಿ. ಊರಾಚೆ ಕಾರು ನಿಲ್ಲಿಸಿ, ಬೀದಿ ಸುತ್ತಿ, ಚರ್ಚ್ ನೋಡಿ, ಐಸ್‌ಕ್ರೀಮ್ ತಿಂದು, ಒಂದು ಗಂಟೆಯಲ್ಲಿ ವಾಪಸ್. ಚೆನ್ನಾಗಿತ್ತು, ಅಷ್ಟೇ. ಎರಡನೇ ಸಲ ನಡೆದು ಹೋದೆ, ಸಾಂ ಕೋಮ್ ದೋಲ್ತ್ ಅನ್ನುವ ಊರಿಂದ ಮೂರು ದಿನ, ಹತ್ತಿರ ಹತ್ತಿರ 55 ಕಿಲೋಮೀಟರ್. ಅದೇ ಊರು ಅಂತ ನಂಬಲಿಕ್ಕೇ ಆಗಲಿಲ್ಲ.

ಆ ದಾರಿಯ ಹೆಸರು ಜಿ.ಆರ್. 65. ಜಿ.ಆರ್. ಅಂದರೆ ಗುರುತು ಹಾಕಿದ ದೂರದ ನಡಿಗೆ ದಾರಿ. ಲೆ ಪ್ವೀ ಅನ್ನುವ ಊರಿಂದ ಹೊರಟು ಸ್ಪೇನ್ ಗಡಿಯ ಕಡೆಗೆ ಸುಮಾರು 750 ಕಿ.ಮೀ. ಹೋಗುತ್ತದೆ. ಸ್ಪೇನ್‌ನ ಸಾಂತಿಯಾಗೊ ಕ್ಷೇತ್ರಕ್ಕೆ ಯಾತ್ರಿಕರು ಸಾವಿರ ವರ್ಷದಿಂದ ನಡೆದ ದಾರಿಗಳಲ್ಲಿ ಇದೂ ಒಂದು. 951ರ ಹೊತ್ತಿಗೇ ಲೆ ಪ್ವೀ ಬಿಷಪ್ ಗೊದೆಸ್ಕಾಲ್ಕ್ ಅಲ್ಲಿಗೆ ಯಾತ್ರೆ ಹೋಗಿದ್ದರು. ನಮ್ಮ ಉತ್ತರ ಕರ್ನಾಟಕದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಯುಗಾದಿ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟವರಿಗೆ ದಾರಿಯುದ್ದಕ್ಕೂ ನೀರು, ಊಟ, ನೆರಳು ಕೊಡುವ ಊರುಗಳನ್ನು ನೋಡಿದವರಿಗೆ ಈ ಹಳ್ಳಿಗಳು ಯಾಕೆ ಹೀಗಿವೆ ಅಂತ ಬೇಗ ಹೊಳೆಯುತ್ತದೆ. ನಡೆದು ಬರುವವರಿಗಾಗಿಯೇ ಬೆಳೆದ ಊರುಗಳು ಇವು.

ನಡೆದಾಗ ಕಾಣುವುದು ಏನು? ನನಗೆ ಮೊದಲು ಕಂಡಿದ್ದು ಕಲ್ಲು. ಇನ್ನೂ ಮೇಲೆ, ಒಬ್ರಾಕ್ ಬಯಲಿನಲ್ಲಿ, ನೆಲ ಬಸಾಲ್ಟ್ ಮತ್ತು ಗ್ರಾನೈಟ್, ಮನೆಗಳೂ ಕಪ್ಪು, ಬೂದು. ಕೆಳಗಿಳಿದು ಎಸ್ಪಾಲಿಯೋಂಗೆ ಬಂದರೆ ಸೇತುವೆ ಕೆಂಪು ಮರಳುಗಲ್ಲಿನದು. ಕೋಂಕ್ ಹತ್ತಿರ ಪದರ ಪದರವಾಗಿ ಬಿಡುವ ಕಲ್ಲು, ಅದನ್ನೇ ಚಪ್ಪಡಿ ಮಾಡಿ ಮೀನಿನ ಹುರುಪೆಯ ಹಾಗೆ ಚಾವಣಿಗೆ ಹೊದಿಸಿದ್ದಾರೆ. ಹೊಲದ ಬದಿಯ ಗೋಡೆಯಲ್ಲಿ, ಕಾಲಡಿಯಲ್ಲಿ, ಆಮೇಲೆ ಮನೆಯ ಮೇಲೆ, ಎಲ್ಲ ಕಡೆ ಅದೇ ಕಲ್ಲು. ಕಾರಿನಲ್ಲಿ ಬಂದವರಿಗೆ ಇದು ಸುಮ್ನೆ ಬಣ್ಣ. ಮೂರು ದಿನ ಅದರ ಮೇಲೆ ನಡೆದವರಿಗೆ ಊರು ಆ ನೆಲದಿಂದಲೇ ಎದ್ದು ನಿಂತಿದ್ದು ಗೊತ್ತಾಗುತ್ತದೆ.

ಇನ್ನೊಂದು, ಪ್ರತಿ ಹಳ್ಳಿಯಲ್ಲೂ ಇರುವ ಯುದ್ಧದ ಸ್ಮಾರಕ. 1914ರಿಂದ 1918ರ ಯುದ್ಧದಲ್ಲಿ ಫ್ರಾನ್ಸ್ ಸುಮಾರು 14 ಲಕ್ಷ ಜನರನ್ನು ಕಳೆದುಕೊಂಡಿತು. ಹತ್ತಿಪ್ಪತ್ತು ಮನೆಯ ಊರಲ್ಲಿ ಒಂದೇ ಮನೆತನದ ಮೂರು ಹೆಸರು ಕೆತ್ತಿರುವುದನ್ನು ನೋಡಿ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟಿದ್ದೆ. ಹಳ್ಳಿಗಳು ಬರಿದಾದವು ಅಂತ ಮೇಲೆ ಬರೆದೆನಲ್ಲ, ಅದರ ಒಂದು ಕಾರಣ ಆ ಕಲ್ಲಿನ ಮೇಲೇ ಇದೆ.

ಕೋಂಕ್‌ಗೆ ಇಳಿಯುವ ಕೊನೆಯ ದಾರಿ ಕಡಿದು. ಚೆಸ್ಟ್‌ನಟ್ ಮರಗಳ ನಡುವೆ, ಕಲ್ಲು ಕಲ್ಲಿನ ಜಾಡು. ಮಂಡಿ ನೋಯುತ್ತದೆ. ಊರು ಎಲ್ಲೂ ಕಾಣುವುದಿಲ್ಲ, ಕಾಣುವುದಿಲ್ಲ, ಆಮೇಲೆ ಒಂದು ತಿರುವಿನಲ್ಲಿ ಚಾವಣಿಗಳು, ಗೋಪುರಗಳು ಎಲ್ಲ ಒಟ್ಟಿಗೆ. ಕೆಲವೇ ನೂರು ಜನರ ಊರಿಗೆ ಇಷ್ಟು ದೊಡ್ಡ ಚರ್ಚ್. ಯಾಕೆ ಅಂದರೆ ಸಂತ ಫುವಾ ಅನ್ನುವ ಹುಡುಗಿಯ ಅಸ್ಥಿ ಇಲ್ಲಿದೆ. 9ನೇ ಶತಮಾನದಲ್ಲಿ ಇಲ್ಲಿಯ ಸನ್ಯಾಸಿಯೊಬ್ಬ ಅದನ್ನು ಆಜಾಂ ಊರಿಂದ ಕದ್ದು ತಂದನಂತೆ. ಆಮೇಲೆ ಯಾತ್ರಿಕರು ಬಂದರು, ದುಡ್ಡು ಬಂತು, ಚರ್ಚ್ ಎದ್ದಿತು. ಮುಂದೆ ಎಲ್ಲ ಮರೆತು ಹಾಳಾಗುತ್ತಿದ್ದಾಗ, 1837ರಲ್ಲಿ ಸ್ಮಾರಕಗಳ ಇನ್‌ಸ್ಪೆಕ್ಟರ್ ಆಗಿದ್ದ ಪ್ರಾಸ್ಪೆರ್ ಮೆರಿಮೆ ಬಂದು ನೋಡಿದ್ದರಿಂದ ಉಳಿಯಿತು.

ಬಾಗಿಲ ಮೇಲಿನ ಕೆತ್ತನೆಯಲ್ಲಿ 124 ಮೂರ್ತಿಗಳಿವೆ. ನಡುವೆ ಕ್ರಿಸ್ತ, ನಮ್ಮ ಎಡಕ್ಕೆ ಸ್ವರ್ಗ, ಬಲಕ್ಕೆ ನರಕ. ನರಕದ ಕಡೆ ಜಾಸ್ತಿ ಹೊತ್ತು ನೋಡಿ. ಕದ್ದು ಬೇಟೆಯಾಡಿದವನನ್ನು ಮೊಲ ಸುಡುತ್ತಿದೆ, ಕುದುರೆ ಸವಾರ ತಲೆಕೆಳಗಾಗಿ ಬೀಳುತ್ತಿದ್ದಾನೆ, ಬಿಷಪ್ ಕೂಡ ಬಲೆಯಲ್ಲಿ ಸಿಕ್ಕಿದ್ದಾನೆ. ಕಮಾನಿನ ಅಂಚಿನಲ್ಲಿ ಪುಟ್ಟ ಮುಖಗಳು ಕಲ್ಲಿನ ಹಿಂದಿನಿಂದ ಇಣುಕುತ್ತಿವೆ, ಅವು ನನಗೆ ತುಂಬಾ ಇಷ್ಟ. ಒಳಗಿನ ಗಾಜಿನ ಕಿಟಕಿಗಳು ಚಿತ್ರಕಾರ ಪಿಯೆರ್ ಸುಲಾಜ್ ಮಾಡಿದ್ದು, 1994ರಲ್ಲಿ ಮುಗಿದವು. ಗಾಜಿಗೆ ಬಣ್ಣವೇ ಇಲ್ಲ. ಹೊತ್ತು ಹೋದ ಹಾಗೆ ಬೆಳಕೇ ಬಣ್ಣ ಬದಲಿಸುತ್ತದೆ. ಹಾಗಾಗಿ ಆ ರಾತ್ರಿ ಊರಲ್ಲೇ ಉಳಿಯಿರಿ. ಸಂಜೆ ಬಸ್ಸು, ಕಾರುಗಳೆಲ್ಲ ಹೋದ ಮೇಲೆ ಮಠದವರು ಯಾತ್ರಿಕರನ್ನು ಆಶೀರ್ವದಿಸುತ್ತಾರೆ, ಆಮೇಲೆ ಆರ್ಗನ್ ನುಡಿಸುತ್ತಾರೆ. ನೀವು ಯಾವ ಧರ್ಮದವರು ಅಂತ ಯಾರೂ ಕೇಳುವುದಿಲ್ಲ.

ಇನ್ನು ದಾರಿಯ ವಿಷಯ. ಗುರುತು ಸುಲಭ. ಮರ, ಕಂಬ, ಗೋಡೆ ಮೇಲೆ ಬಿಳಿ ಪಟ್ಟಿ, ಅದರ ಕೆಳಗೆ ಕೆಂಪು ಪಟ್ಟಿ ಇದ್ದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ. ಅವೆರಡೂ ಅಡ್ಡಡ್ಡ ಹಾಕಿದ ಗುಣಿಸು ಚಿಹ್ನೆ ಇದ್ದರೆ ತಪ್ಪು ದಾರಿ, ಹಿಂದೆ ಬನ್ನಿ. ಹಳದಿ ಪಟ್ಟಿ ಅಂದರೆ ಊರ ಸುತ್ತಿನ ಸಣ್ಣ ದಾರಿ, ಮಕ್ಕಳಿದ್ದರೆ ಅದೇ ಒಳ್ಳೆಯದು. ನೀರಿಗೆ ಸ್ಮಶಾನ ಹುಡುಕಿ, ಹೂಗಿಡಗಳಿಗೆ ಅಂತ ಅಲ್ಲಿ ಸಾಮಾನ್ಯವಾಗಿ ನಲ್ಲಿ ಇರುತ್ತದೆ, ಕುಡಿಯುವ ನೀರಲ್ಲ ಅಂತ ಬೋರ್ಡ್ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ. ಅಂಗಡಿಗಳು ಮಧ್ಯಾಹ್ನ ಮುಚ್ಚುತ್ತವೆ, ಸೋಮವಾರ ಬ್ರೆಡ್ ಅಂಗಡಿಯೂ ಇರಲಿಕ್ಕಿಲ್ಲ, ಹಿಂದಿನ ದಿನವೇ ತಗೊಂಡಿರಿ. ಎದುರು ಸಿಕ್ಕವರಿಗೆಲ್ಲ ಬೋಂಜೂರ್ ಹೇಳಿ. ಇದು ಬರೀ ಶಿಷ್ಟಾಚಾರ ಅಲ್ಲ, ಹೇಳದೆ ನೇರ ಪ್ರಶ್ನೆ ಕೇಳಿದರೆ ಇಲ್ಲಿಯವರಿಗೆ ನಿಜವಾಗಿ ಬೇಜಾರಾಗುತ್ತದೆ.

ಊಟ? ಯಾತ್ರಿಕರು ತಂಗುವ ಮನೆಗಳಿಗೆ 'ಜೀತ್' ಅನ್ನುತ್ತಾರೆ, ರಾತ್ರಿ ಊಟ, ಬೆಳಗಿನ ತಿಂಡಿ ಸೇರಿಸಿ ಕೊಡುತ್ತಾರೆ. ಸಸ್ಯಾಹಾರಿಗಳಾದರೆ ಬುಕ್ ಮಾಡುವಾಗಲೇ ಹೇಳಿ. ಒಬ್ರಾಕ್ ಕಡೆಯ 'ಅಲಿಗೊ' ಸಿಕ್ಕರೆ ಬಿಡಬೇಡಿ, ಆಲೂಗಡ್ಡೆಗೆ ಹಸಿ ಚೀಸ್ ಕಲಸಿ ಉದ್ದಕ್ಕೆ ಎಳೆ ಬರುವ ತನಕ ತಿರುವುತ್ತಾರೆ. ಜೊತೆಗೆ ಮಾಂಸದ ಸಾಸೇಜ್ ಬರುತ್ತದೆ, ಬೇಡ ಅನ್ನಿ. ಇಲ್ಲಿಯ ಚೀಸ್‌ಗೆ ಹಾಲು ಗಟ್ಟಿಯಾಗಲಿ ಅಂತ ಸಾಮಾನ್ಯವಾಗಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ, ಕಟ್ಟುನಿಟ್ಟಿನವರಿಗೆ ಇದು ಮೊದಲೇ ಗೊತ್ತಿರಲಿ.

ಮೂರು ದಿನ ಆಗಲ್ಲ, ಅರ್ಧ ದಿನ ಇದೆ ಅಂದರೆ ಲೋತ್ ನದಿಯ ಬೂಜಿಯೆಸ್ ಊರಿಂದ ಸಾಂ ಸಿರ್ಕ್ ಲಾಪೊಪಿಗೆ ನಡೆಯಿರಿ. ಸುಮಾರು 5 ಕಿ.ಮೀ. ದೋಣಿಗಳನ್ನು ಹಗ್ಗ ಕಟ್ಟಿ ಎಳೆಯಲಿಕ್ಕೆ 19ನೇ ಶತಮಾನದಲ್ಲಿ ನದಿ ಪಕ್ಕದ ಬಂಡೆಯನ್ನೇ ಕೊರೆದು ಮಾಡಿದ ದಾರಿ, ತಲೆ ಮೇಲೆ ಬಂಡೆ, ಪಕ್ಕದಲ್ಲಿ ನೀರು. ಕೊನೆಗೆ ಏರಿ ನದಿಯಿಂದ ನೂರು ಮೀಟರ್ ಎತ್ತರದ ಊರು. ಮೇ, ಜೂನ್, ಸೆಪ್ಟೆಂಬರ್ ಒಳ್ಳೆಯದು. ಆಗಸ್ಟ್ ಬೇಡ, ಕಾಲಿಡಲು ಜಾಗ ಇರುವುದಿಲ್ಲ.

ಮೂರು ದಿನ ಇದ್ದವರು ಮಾತ್ರ ಕೋಂಕ್‌ಗೇ ಹೋಗಿ. ಮಾರನೇ ದಿನ ಬೆಳಗ್ಗೆ ಬಸ್ಸಿಗೆ ಟೈಮ್ ಇದ್ದರೆ ದೂರ್ದೂ ನದಿಯ ಹಳೆಯ ಸೇತುವೆ ದಾಟಿ ಎದುರಿನ ಗುಡ್ಡ ಹತ್ತಿ. ಮೇಲೆ ಪುಟ್ಟ ಚಾಪೆಲ್, ಅಲ್ಲೊಂದು ಗಂಟೆ. ಮುಂದೆ ಹೋಗುವ ಯಾತ್ರಿಕರು ಅದನ್ನು ಬಾರಿಸಿ, ತಿರುಗಿ ಒಮ್ಮೆ ಊರು ನೋಡಿ ಹೊರಡುತ್ತಾರೆ. ನಾನು ಬಾರಿಸಿದಾಗ ಕೆಳಗೆ ಯಾವುದೋ ಕಿಟಕಿಯಿಂದ ಒಬ್ಬರು ಕೈ ಬೀಸಿದರು.