ಎರಡು 1958ಗಳು

ಡಿಸೆಂಬರ್ 17, 2024, ಮಂಗಳವಾರ

ಇವತ್ತು ಭೂತಾನದ ರಾಷ್ಟ್ರೀಯ ದಿನ. 1907ರಲ್ಲಿ ಇದೇ ದಿನ ಪುನಾಖಾದಲ್ಲಿ ಮೊದಲ ರಾಜ ಉಗ್ಯೆನ್ ವಾಂಗ್‌ಚುಕ್‌ಗೆ ಪಟ್ಟ ಕಟ್ಟಿದರು. ಸುಮ್ನೆ ಭೂಪಟ ಬಿಚ್ಚಿಕೊಂಡು ಕೂತಿದ್ದೇನೆ. ಹೆಬ್ಬೆರಳಿಟ್ಟರೆ ಇಡೀ ದೇಶ ಮುಚ್ಚಿಹೋಗುತ್ತದೆ. ಮೇಲೆ ಚೀನಾ, ಕೆಳಗೆ ನಾವು. ಎಂಟು ಲಕ್ಷ ಜನವೂ ಇಲ್ಲ.

ಭೂತಾನ ನೋಡಲು ಹೋದರೂ ಕಣ್ಣು ಪಕ್ಕದ ಸಿಕ್ಕಿಂ ಕಡೆಗೇ ಜಾರುತ್ತದೆ. ಅದಕ್ಕೂ ರಾಜ ಇದ್ದ, ಬಾವುಟ ಇತ್ತು. 1975ರ ಏಪ್ರಿಲ್‌ನಲ್ಲಿ ಭಾರತದ ಸೇನೆ ಅರಮನೆ ಕಾವಲಿನವರ ಬಂದೂಕು ಕಿತ್ತುಕೊಂಡಿತು. ಕೆಲವೇ ದಿನಗಳಲ್ಲಿ ಜನಮತಗಣನೆ. ಮೇ 16ಕ್ಕೆ ಸಿಕ್ಕಿಂ ನಮ್ಮ 22ನೇ ರಾಜ್ಯ. ಶಾಲೆಯಲ್ಲಿ ನಾವು ಇದನ್ನು ಒಂದೇ ಸಾಲಲ್ಲಿ ಓದಿ ಮುಗಿಸಿದ್ದೆವು. ಭೂತಾನದ ರಾಜಧಾನಿ ಥಿಂಪುವಿನಲ್ಲಿ ಕೂತವರು ಅಷ್ಟು ಸಲೀಸಾಗಿ ಓದಿರಲಿಕ್ಕಿಲ್ಲ.

ಆದರೆ ಭೂತಾನ ಅಷ್ಟರಲ್ಲಿ ಒಂದು ಕೆಲಸ ಮುಗಿಸಿಕೊಂಡಿತ್ತು. 1971ರಲ್ಲೇ ವಿಶ್ವಸಂಸ್ಥೆಯ ಸದಸ್ಯನಾಗಿತ್ತು, ಅದೂ ಭಾರತದ ಬೆಂಬಲದಿಂದಲೇ. ಇದು ಜಾಣತನ ಅಲ್ವಾ? ದೊಡ್ಡವನ ಕೈ ಹಿಡಿದುಕೊಂಡೇ ಅವನ ಮನೆಯಿಂದ ಹೊರಗೆ ಹೆಜ್ಜೆ ಇಡುವುದು. 1949ರ ಒಪ್ಪಂದದಲ್ಲಿ ವಿದೇಶಾಂಗ ವಿಷಯಕ್ಕೆ ಭಾರತದ ಸಲಹೆಯಂತೆ ನಡೆಯುತ್ತೇವೆ ಎಂಬ ಮಾತಿತ್ತು. ಅದನ್ನು ತೆಗೆಸಲು 2007ರವರೆಗೆ ಕಾದರು. ಗಲಾಟೆ ಮಾಡಲಿಲ್ಲ.

ನನಗೆ ಇಷ್ಟವಾದ ಚಿತ್ರ 1958ರದು. ಆಗ ಭೂತಾನದ ಪಾರೋಗೆ ಗಾಡಿ ಹೋಗುವ ರಸ್ತೆಯೇ ಇರಲಿಲ್ಲ. ನೆಹರು ನಾಥು ಲಾ ದಾಟಿ, ಟಿಬೆಟ್‌ನ ಚುಂಬಿ ಕಣಿವೆಗೆ ಇಳಿದು, ಕುದುರೆ, ಯಾಕ್ ಹತ್ತಿ ಹೋದರು. ವಯಸ್ಸು 68! ನೀವು ಸ್ವತಂತ್ರವಾಗಿಯೇ ಇರಬೇಕು ಎಂಬುದೇ ನಮ್ಮ ಆಸೆ ಎಂಬ ಅರ್ಥದಲ್ಲಿ ಅಲ್ಲಿ ಮಾತಾಡಿದರು. ಮುಂದೆ ಅವರ ಮಗಳ ಕಾಲದಲ್ಲಿ ಸಿಕ್ಕಿಂ ಸೇರಿತು ಅನ್ನುವುದೂ ನೆನಪಿಗೆ ಬರುತ್ತದೆ.

ಭೂತಾನದ ರಾಜರು ತಾವಾಗಿ ಅಧಿಕಾರ ಬಿಟ್ಟಿದ್ದು ಇನ್ನೊಂದು ಸೋಜಿಗ. 2007ರಲ್ಲಿ ಜನರಿಗೆ ಮತ ಹಾಕುವುದನ್ನು ಕಲಿಸಲು ಅಣಕು ಚುನಾವಣೆ ನಡೆಸಿದರು. ಪಕ್ಷಗಳಿಗೆ ಬಣ್ಣದ ಹೆಸರು: ಕೆಂಪು, ನೀಲಿ, ಹಸಿರು, ಹಳದಿ. ಹಳದಿ ರಾಜರ ಬಣ್ಣ. 47ರಲ್ಲಿ 46 ಕಡೆ ಹಳದಿಯೇ ಗೆದ್ದಿತು! ರಾಜರು ಬಿಟ್ಟುಕೊಟ್ಟರೂ ಜನ ಬಿಡಲೊಲ್ಲರು. ಆದರೆ ಕಲಿತ ಮೇಲೆ ಚೆನ್ನಾಗಿಯೇ ಕಲಿತರು. 2013, 2018, 2024, ಮೂರು ಸಲವೂ ಆಳುತ್ತಿದ್ದವರನ್ನು ಇಳಿಸಿದ್ದಾರೆ.

ಇಲ್ಲಿಗೇ ನಿಲ್ಲಿಸಿದ್ದರೆ ಚಂದದ ಕಥೆ. ಆದರೆ ಇನ್ನೊಂದು 1958 ಇದೆ. ದಕ್ಷಿಣ ಭೂತಾನದಲ್ಲಿ ನೇಪಾಳಿ ಮಾತಾಡುವ ಲೋಟ್ಷಾಂಪಾ ಜನ ತಲೆಮಾರುಗಳಿಂದ ಇದ್ದರು. ಸಿಕ್ಕಿಂನಲ್ಲಿ ನೇಪಾಳಿಗಳೇ ಜಾಸ್ತಿಯಾಗಿ ರಾಜನ ಕಥೆ ಮುಗಿಯಿತು ಎಂಬ ಭಯ ಥಿಂಪುವಿನಲ್ಲಿತ್ತು. 1985ರ ಪೌರತ್ವ ಕಾಯ್ದೆ ಬಂತು. 1988ರ ಜನಗಣತಿಯಲ್ಲಿ ಅಧಿಕಾರಿಗಳು ಪೌರತ್ವಕ್ಕೆ ಸಾಕ್ಷಿಯಾಗಿ 1958ರ ಕಂದಾಯ ರಸೀದಿ ಕೇಳಿದರು. ಮೂವತ್ತು ವರ್ಷದ ಹಳೇ ಚೀಟಿ! ನಮ್ಮ ಮನೆಯಲ್ಲಿ ಹೋದ ವರ್ಷದ್ದನ್ನು ಕೇಳಿದರೂ ನಾನು ಅರ್ಧ ದಿನ ಹುಡುಕಬೇಕು. ಒಂದು ಲಕ್ಷದಷ್ಟು ಜನ ಪೂರ್ವ ನೇಪಾಳದ ಶಿಬಿರಗಳಿಗೆ ಹೋಗಿ ಬಿದ್ದರು. ಆಮೇಲೆ ಹೆಚ್ಚಿನವರು ಅಮೆರಿಕದಲ್ಲಿ ನೆಲೆಸಿದರು.

ಹೇಗಾದರೂ ಉಳಿಯಬೇಕೆಂಬ ಎಚ್ಚರ ಮೊದಲು ವಿಶ್ವಸಂಸ್ಥೆಯಲ್ಲಿ ಕಾಪಾಡಿತು, ಸಿಕ್ಕಿಂ ಕಥೆ ನೋಡಿದ ಮೇಲೆ ಅದೇ ಎಚ್ಚರ ಮನೆಯೊಳಗಿನ ಇಷ್ಟು ಜನರನ್ನು ಹೊರಗಟ್ಟಿತು. ಹೊರಗಿನವರಿಗೆ ಹೆದರಿ ಒಳಗಿನವರನ್ನು ಅಷ್ಟೊಂದು ಅನುಮಾನಿಸಿದ್ದು ತಪ್ಪು ಅಂತಲೇ ನನಗೆ ಅನಿಸುತ್ತದೆ.

ಈಗಿನ ತಲೆನೋವು ಬೇರೆ. 2017ರಲ್ಲಿ ಗಡಿಯ ಡೋಕ್ಲಾಂನಲ್ಲಿ ಭಾರತ, ಚೀನಾ ಎರಡೂ ಕಡೆಯ ಸೈನ್ಯ 73 ದಿನ ಎದುರುಬದುರು ನಿಂತಿತ್ತು ನಿಜ. ಆದರೆ ದೇಶ ಖಾಲಿಯಾಗುತ್ತಿರುವುದು ಆ ಗಡಿಯಿಂದಲ್ಲ, ಪಾರೋ ವಿಮಾನ ನಿಲ್ದಾಣದಿಂದ. ಓದಿದ ಹುಡುಗರು, ಮೇಷ್ಟ್ರುಗಳು, ನರ್ಸುಗಳು ಆಸ್ಟ್ರೇಲಿಯಾ ಹಾದಿ ಹಿಡಿದಿದ್ದಾರೆ. ಅವರನ್ನು ಉಳಿಸಿಕೊಳ್ಳಲು ರಾಜರು ಸರಿಯಾಗಿ ಒಂದು ವರ್ಷದ ಹಿಂದೆ, 2023ರ ಇದೇ ದಿನ, ಗೆಲೆಫುವಿನಲ್ಲಿ ಹೊಸ ನಗರ ಕಟ್ಟುವುದಾಗಿ ಹೇಳಿದರು.

ಭೂಪಟದಲ್ಲಿ ಗೆಲೆಫು ಹುಡುಕಿದೆ. ದಕ್ಷಿಣದ ಅಂಚಿನಲ್ಲಿದೆ, ಅಸ್ಸಾಂ ಗಡಿಗೆ ಅಂಟಿಕೊಂಡು. ರಸೀದಿ ಕೇಳಿಸಿಕೊಂಡ ಆ ಜನರಲ್ಲಿ ಎಷ್ಟೋ ಮಂದಿ ಇದೇ ಸೀಮೆಯವರು.